ನುಡಿಗಟ್ಟು ಮತ್ತು ಕವಿತೆಯ ಸಾಲುಗಳ ಅರ್ಥ ಹಿಡಿಯುವುದು ಹೇಗೆ? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಸಾಲಿನ ಎಲ್ಲ ಪದಗಳೂ ಗೊತ್ತಿರುತ್ತವೆ. ಆದರೂ ಸಾಲು ಏನು ಹೇಳುತ್ತಿದೆ ಅಂತ ತಿಳಿಯುವುದಿಲ್ಲ. ಕವಿತೆ ಓದುವ ಎಲ್ಲರಿಗೂ ಒಮ್ಮೆಯಾದರೂ ಹೀಗಾಗುತ್ತದೆ. ಆಗ ಕೆಲವರು ನಿಘಂಟು ತೆಗೆದು ಪದಪದಕ್ಕೂ ಅರ್ಥ ಬರೆದುಕೊಳ್ಳುತ್ತಾರೆ. ಕೆಲವರು ಸೀದಾ "ಇದು ಆತ್ಮ ಪರಮಾತ್ಮದ ವಿಚಾರ", "ಬದುಕು ನಶ್ವರ ಅಂತ ಹೇಳ್ತಿದ್ದಾರೆ" ಎಂದು ಒಳಾರ್ಥಕ್ಕೆ ಹಾರಿಬಿಡುತ್ತಾರೆ. ಎರಡನೆಯದರಿಂದ ನಷ್ಟ ಜಾಸ್ತಿ. ಕವಿ ಆರಿಸಿ ಇಟ್ಟ ಮರ, ಹಕ್ಕಿ, ಕಂಬ, ಕಬ್ಬಿಣ ಯಾವುದನ್ನೂ ನೋಡದೆಯೇ ಮುಂದೆ ಹೋದಂತಾಗುತ್ತದೆ.

ಒಳಾರ್ಥಕ್ಕೆ ದಾರಿ ಇರುವುದು ಹೊರಗಿನ ಅರ್ಥದ ಮೂಲಕವೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಚಿತ್ರವನ್ನು ಪೂರ್ತಿ ನೋಡಿದರೆ ಅರ್ಥ ಅಲ್ಲಿಂದಲೇ ಹೊರಡುತ್ತದೆ. ಕೆಳಗಿನ ಹಂತಗಳೆಲ್ಲ ಆ ನೋಟವನ್ನು ರೂಢಿ ಮಾಡಿಕೊಳ್ಳುವುದಕ್ಕೆ.

ಹಂತ 1: ಸಾಲನ್ನು ಬಿಡಿಸಿ, ಬಾಯಿಬಿಟ್ಟು ಓದಿ

ಹಳೆಯ ಸಾಲುಗಳು ಕಷ್ಟ ಅನ್ನಿಸುವುದಕ್ಕೆ ಅರ್ಧ ಕಾರಣ ಸಂಧಿ. "ಮೃಗಗಳಿಗಂಜಿದಡೆಂತಯ್ಯಾ" ಎಂಬುದನ್ನು ನೋಡಿದ ಕೂಡಲೇ ಗಾಬರಿಯಾಗುತ್ತದೆ. ಬಿಡಿಸಿದರೆ "ಮೃಗಗಳಿಗೆ ಅಂಜಿದಡೆ ಎಂತು ಅಯ್ಯಾ", ಅಂದರೆ ಕಾಡುಪ್ರಾಣಿಗಳಿಗೆ ಹೆದರಿದರೆ ಹೇಗಪ್ಪಾ ಅಂತ. ಇಷ್ಟೇ. "ಸ್ಥಾವರಕ್ಕಳಿವುಂಟು" ಕೂಡ ಹಾಗೆಯೇ: ಸ್ಥಾವರಕ್ಕೆ ಅಳಿವು ಉಂಟು.

ಪದ ಬಿಡಿಸಿದ ಮೇಲೆ ಸಾಲನ್ನು ಮಾತಿನ ಕ್ರಮಕ್ಕೆ ತನ್ನಿ. ಕವಿತೆಯಲ್ಲಿ ಕ್ರಿಯಾಪದ ಎಲ್ಲಿ ಬೇಕಾದರೂ ಇರಬಹುದು. ಯಾರು, ಏನನ್ನು, ಏನು ಮಾಡಿದರು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಲಿನ ಎಲುಬು ಸಿಕ್ಕಿತು.

ಬಾಯಿಬಿಟ್ಟು ಓದುವುದನ್ನು ಮಾತ್ರ ಬಿಡಬೇಡಿ. ಪುರಂದರದಾಸರ ಕೀರ್ತನೆಯೊಂದು "ರಾಗಿ ತಂದೀರಾ, ಭಿಕ್ಷಕೆ ರಾಗಿ ತಂದೀರಾ" ಎಂದು ಶುರುವಾಗುತ್ತದೆ. ಮುಂದಿನ ಸಾಲು "ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ ನೀವು". ಕಣ್ಣಿಗೆ ಕಾಣುವುದು "ಯೋಗ್ಯರು ಆಗಿ" ಎಂಬ ಹಾರೈಕೆ. ಕಿವಿಗೆ ಮಾತ್ರ ಪ್ರತಿ ಪದದ ತುದಿಯಲ್ಲೂ ಮತ್ತೆ ರಾಗಿಯೇ ಕೇಳುತ್ತದೆ. ದಾಸರು ಬೇಡುತ್ತಿರುವುದು ಧಾನ್ಯವನ್ನೂ ಹೌದು, ನೀವು ಒಳ್ಳೆಯವರಾಗಿ ಎಂಬುದನ್ನೂ ಹೌದು. ಭಿಕ್ಷೆ ಬೇಡುವವನು ಕೊಡುವವರನ್ನೇ ಹರಸುತ್ತಿದ್ದಾನೆ. ಸುಮ್ನೆ ಕಣ್ಣಾಡಿಸಿದವರಿಗೆ ಇದು ಸಿಗುವುದು ಕಷ್ಟ.

ಹಂತ 2: ಸಾಲು ಎಲ್ಲಿ ಮುಗ್ಗರಿಸುತ್ತದೆ ನೋಡಿ

ನಮ್ಮ ಕಾವ್ಯಮೀಮಾಂಸೆಯಲ್ಲಿ ಒಂದು ಹಳೆಯ ಉದಾಹರಣೆ ಇದೆ: "ಗಂಗೆಯಲ್ಲಿ ಗೊಲ್ಲರ ಹಟ್ಟಿ". ಹರಿಯುವ ನೀರಿನಲ್ಲಿ ಹಟ್ಟಿ ಹೇಗಿರುತ್ತದೆ? ಪದದ ನೇರ ಅರ್ಥ ಇಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಗಂಗೆಯ ದಡದಲ್ಲಿ ಎಂದು ತಿಳಿದುಕೊಳ್ಳುತ್ತೇವೆ. ಹಾಗಾದರೆ ದಡ ಅಂತಲೇ ಹೇಳಬಹುದಿತ್ತಲ್ಲ? ಗಂಗೆ ಎಂದಾಗ ಬರುವ ತಂಪು ಮತ್ತು ಪಾವಿತ್ರ್ಯ ದಡ ಎಂದರೆ ಬರುವುದಿಲ್ಲ. ಹಟ್ಟಿಗೂ ಆ ತಂಪು ತಗುಲಲಿ ಅಂತಲೇ ಹಾಗೆ ಹೇಳಿದ್ದು.

ಇದರಲ್ಲಿ ಮೂರು ಪದರ ಇದೆ. ನೇರ ಅರ್ಥ ಕೊಡುವುದು ಅಭಿಧೆ. ಅದು ಹೊಂದದಿದ್ದಾಗ ಪಕ್ಕದ ಅರ್ಥಕ್ಕೆ ಸರಿಯುವುದು ಲಕ್ಷಣೆ. ಹೇಳದೆಯೇ ಹೊಳೆಯುವುದು ವ್ಯಂಜನೆ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಹೀಗೆ ಹೊಳೆಯುವ ಅರ್ಥವನ್ನು ಧ್ವನಿ ಎಂದು ಕರೆದ. ಅದೇ ಕಾವ್ಯದ ಜೀವ ಎಂದ. 11ನೇ ಶತಮಾನದ ಮಮ್ಮಟ ಲಕ್ಷಣೆಗೆ ಮೂರು ಷರತ್ತು ಹೇಳಿದ. ನೇರ ಅರ್ಥ ಹೊಂದಬಾರದು. ಹೊಸ ಅರ್ಥಕ್ಕೂ ಹಳೆಯದಕ್ಕೂ ಸಂಬಂಧ ಇರಬೇಕು. ಹಾಗೆ ಹೇಳುವುದಕ್ಕೆ ರೂಢಿಯೋ ಪ್ರಯೋಜನವೋ ಒಂದು ಕಾರಣ ಇರಬೇಕು.

ರೂಢಿ ಮತ್ತು ಪ್ರಯೋಜನ ಎಂಬ ಈ ಎರಡು ಪದ ನಮ್ಮ ಕೆಲಸವನ್ನು ಬಹಳ ಹಗುರ ಮಾಡುತ್ತವೆ. "ಅವನು ಕೈ ಕೊಟ್ಟ" ಎಂಬುದು ರೂಢಿಯ ಮಾತು. ಅದರಲ್ಲಿ ಕೈ ಯಾಕೆ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜನ ಹಾಗೆ ಆಡುತ್ತಾರೆ, ಮೋಸ ಮಾಡಿದ ಅಂತ ಅರ್ಥ. ಕವಿಯೊಬ್ಬ ಹೊಸದಾಗಿ ಕಟ್ಟಿದ ಮಾತಿನಲ್ಲಿ ಮಾತ್ರ ಆ ಪದವೇ ಯಾಕೆ ಎಂದು ಕೇಳಲೇಬೇಕು. ಹಾಗಾಗಿ ಯಾವುದೇ ಸಾಲು ಎದುರಾದಾಗ ಮೊದಲ ವಿಂಗಡಣೆ ಇದು: ರೂಢಿಯ ಮಾತೋ, ಕವಿ ಕಟ್ಟಿದ ಮಾತೋ?

ಹಂತ 3: ರೂಢಿಯ ಮಾತಾದರೆ ಜೊತೆಯ ಪದಗಳನ್ನು ನೋಡಿ

ನುಡಿಗಟ್ಟನ್ನು ಗುರುತಿಸಲು ಸುಲಭದ ಒಂದು ಪರೀಕ್ಷೆ ಇದೆ. ಅದರೊಳಗೆ ಒಂದು ಪದ ಸೇರಿಸಿ. "ಕೈ ಕೊಟ್ಟ" ಎಂಬುದನ್ನು "ಬಲಗೈ ಕೊಟ್ಟ" ಎಂದು ಬದಲಿಸಿ. ಮೋಸದ ಅರ್ಥ ಹೋಗಿ, ನಿಜವಾದ ಕೈ ಬಂದುಬಿಡುತ್ತದೆ. "ಕಾಲಿಗೆ ಬುದ್ಧಿ ಹೇಳಿದ" ಎಂದರೆ ಓಡಿಹೋದ. "ಎಡಗಾಲಿಗೆ ಒಳ್ಳೆಯ ಬುದ್ಧಿ ಹೇಳಿದ" ಎಂದರೆ ಏನೂ ಆಗುವುದಿಲ್ಲ. ಹೀಗೆ ಮುಟ್ಟಿದರೆ ಒಡೆಯುವ ಮಾತು ನುಡಿಗಟ್ಟು. ಅದನ್ನು ಇಡಿಯಾಗಿಯೇ ತೆಗೆದುಕೊಳ್ಳಬೇಕು.

ಕ್ರಿಯಾಪದ ಬದಲಾದರೆ ಅರ್ಥ ಪೂರ್ತಿ ಬದಲಾಗುತ್ತದೆ. ಕೈ ಹಿಡಿದ ಅಂದರೆ ಮದುವೆಯಾದ ಅಥವಾ ಆಸರೆಯಾದ. ಕೈ ಬಿಟ್ಟ ಅಂದರೆ ಆಸರೆ ತಪ್ಪಿಸಿದ. ಕೈ ಮಾಡಿದ ಅಂದರೆ ಹೊಡೆದ. ಕೈ ಚೆಲ್ಲಿದ ಅಂದರೆ ಆಗುವುದಿಲ್ಲ ಎಂದು ಸೋತು ಕೂತ. ಕೈ ತೊಳೆದುಕೊಂಡ ಅಂದರೆ ಇನ್ನು ನನಗೆ ಸಂಬಂಧವಿಲ್ಲ ಎಂದು ಬಿಟ್ಟುಬಿಟ್ಟ. ಹಾಗಾಗಿ ನಾಮಪದವೊಂದನ್ನೇ ಹಿಡಿದು ಹುಡುಕಬೇಡಿ, ಜೋಡಿಯನ್ನು ಹುಡುಕಿ.

ಕೆಲವು ಸಲ ಜೋಡಿಯೂ ಸಾಲದು. "ಬಾಯಿ ಬಿಟ್ಟ" ಎಂಬುದನ್ನೇ ನೋಡಿ. ಪೊಲೀಸರ ಮುಂದೆ ಬಾಯಿ ಬಿಟ್ಟ ಎಂದರೆ ಗುಟ್ಟು ಹೇಳಿದ. ಬಾಯಿ ಬಿಟ್ಟು ಕೇಳು ಎಂದರೆ ಸಂಕೋಚ ಬಿಟ್ಟು ಕೇಳು. ಬಾಯಿ ಬಿಟ್ಟುಕೊಂಡು ನೋಡಿದ ಎಂದರೆ ಬೆರಗಾದ. "ಹೊಟ್ಟೆ ಉರಿಯಿತು" ಎಂಬುದು ಇನ್ನೂ ಸೂಕ್ಷ್ಮ. ಪಕ್ಕದವರ ಹೊಸ ಮನೆ ನೋಡಿ ಹೊಟ್ಟೆ ಉರಿದರೆ ಅದು ಅಸೂಯೆ. ತಾಯಿಯಿಲ್ಲದ ಮಗುವನ್ನು ನೋಡಿ ಹೊಟ್ಟೆ ಉರಿದರೆ ಅದು ಸಂಕಟ. ಒಂದೇ ಮಾತು, ಎರಡು ಮನಸ್ಸು. ಯಾವುದನ್ನು ನೋಡಿ ಉರಿಯಿತು ಎಂಬುದರಲ್ಲಿ ಉತ್ತರ ಇದೆ.

ಇನ್ನು ಕೆಲವು ಮಾತುಗಳ ಹಿಂದೆ ಕಥೆಯೋ ಆಚರಣೆಯೋ ಇರುತ್ತದೆ. ಸತ್ತವರಿಗೆ ತರ್ಪಣ ಬಿಡುವ ಪದ್ಧತಿ ಗೊತ್ತಿದ್ದರೆ "ಆಸೆಗೆ ಎಳ್ಳುನೀರು ಬಿಟ್ಟ" ಎಂಬ ಮಾತಿನ ಭಾರ ಗೊತ್ತಾಗುತ್ತದೆ. ಆಸೆ ಬಿಟ್ಟದ್ದಷ್ಟೇ ಅಲ್ಲ, ಅದು ಸತ್ತಿತು ಎಂದು ಒಪ್ಪಿಕೊಂಡದ್ದು. "ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ" ಎಂಬುದಕ್ಕೆ ಕಥೆ ಬೇಡ, ಚಿತ್ರ ಸಾಕು. ಗೋಡೆಯ ಮೇಲಿನ ದೀಪ ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ಯಾವ ಕಡೆಗೂ ವಾಲದೆ ಮಾತಾಡುವವರಿಗೆ ಇದನ್ನು ಹೇಳುತ್ತಾರೆ.

ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಮರೆಯಬೇಡಿ. "ಅಳಿಲು ಸೇವೆ" ಎಂಬ ಮಾತು ರಾಮನ ಸೇತುವೆಗೆ ಮರಳು ತಂದ ಅಳಿಲಿನ ಕಥೆಯಿಂದ ಬಂದದ್ದು. "ನನ್ನದೊಂದು ಅಳಿಲು ಸೇವೆ" ಎಂದು ತನ್ನ ಬಗ್ಗೆ ಹೇಳಿಕೊಂಡರೆ ವಿನಯ. ಅದೇ ಮಾತನ್ನು ಹಿರಿಯರೊಬ್ಬರ ಜೀವಮಾನದ ಕೆಲಸಕ್ಕೆ ಅಂಟಿಸಿದರೆ ಅವಮಾನ ಮಾಡಿದ ಹಾಗಾಗುತ್ತದೆ. ನಿಘಂಟಿನ ಅರ್ಥ ಎರಡೂ ಕಡೆ ಒಂದೇ, ಆದರೆ ಬಳಕೆ ಬೇರೆ. ನುಡಿಗಟ್ಟು ಗೊತ್ತು ಎನ್ನಬೇಕಾದರೆ ಇದೂ ಗೊತ್ತಿರಬೇಕು ಅಲ್ವಾ?

ಹಂತ 4: ಕವಿ ಕಟ್ಟಿದ ಮಾತಾದರೆ, ಬಿಟ್ಟುಹೋದದ್ದನ್ನು ಹುಡುಕಿ

ಉಪಮೆಗೆ ನಾಲ್ಕು ಅಂಗ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಯಾವುದನ್ನು ಹೋಲಿಸುತ್ತಿದ್ದೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ಎರಡಕ್ಕೂ ಸಮಾನವಾದ ಗುಣ ಸಾಧಾರಣ ಧರ್ಮ. "ಅಂತೆ", "ಹಾಗೆ" ಎಂಬುವು ಉಪಮಾವಾಚಕ. ಪರೀಕ್ಷೆಗೆ ಇದು ಸಾಕು. ಆದರೆ "ಇಲ್ಲಿ ಉಪಮಾಲಂಕಾರ ಇದೆ" ಎಂದು ಬರೆದರೆ ಅರ್ಥ ಹೇಳಿದಂತಾಗುವುದಿಲ್ಲ. ಒಳ್ಳೆಯ ಕವಿ ಈ ನಾಲ್ಕರಲ್ಲಿ ಒಂದೋ ಎರಡೋ ಬಿಟ್ಟಿರುತ್ತಾನೆ. ಬಿಟ್ಟದ್ದನ್ನು ನಾವು ತುಂಬಿಕೊಳ್ಳುವಾಗಲೇ ಅರ್ಥ ಹುಟ್ಟುತ್ತದೆ.

10ನೇ ಶತಮಾನದ ಪಂಪನ ಈ ಸಾಲು ಕನ್ನಡಿಗರಿಗೆಲ್ಲ ಗೊತ್ತು: "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ". ಬಿಡಿಸೋಣ. ಆರ್ ಅಂಕುಸಂ ಇಟ್ಟೊಡಂ, ನೆನೆವುದು ಎನ್ನ ಮನಂ, ಬನವಾಸಿ ದೇಶಮಂ. ಇಲ್ಲಿ "ಆರ್" ಎಂದರೆ ಯಾರು, ಸಂಖ್ಯೆಯಲ್ಲ. ಯಾರು ಅಂಕುಶ ಇಟ್ಟರೂ ನನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ "ಬನವಾಸಿಯ ಮೇಲೆ ತುಂಬಾ ಪ್ರೀತಿ" ಎಂಬ ಸಪ್ಪೆ ಉತ್ತರ ಬರುತ್ತದೆ. ಅಂಕುಶವನ್ನು ನೋಡಿ. ಅದು ಮಾವುತನ ಕೈಯಲ್ಲಿರುವ ಕೊಕ್ಕೆಯಂಥ ಕಬ್ಬಿಣ. ಆನೆಯನ್ನು ತಿರುಗಿಸಲು, ತಡೆಯಲು ಬಳಸುವುದು. ಸಾಲಿನಲ್ಲಿ ಆನೆ ಎಂಬ ಪದವೇ ಇಲ್ಲ. ಅಂಕುಶ ಒಂದನ್ನೇ ಇಟ್ಟು, ಮನಸ್ಸು ಆನೆ ಎಂಬುದನ್ನು ಕವಿ ನಮ್ಮ ಪಾಲಿಗೆ ಬಿಟ್ಟಿದ್ದಾನೆ.

ಈಗ ಒಂದು ಪದ ಬದಲಿಸಿ ನೋಡಿ. ಅಂಕುಶದ ಬದಲು ಕಡಿವಾಣ ಇಟ್ಟರೆ ಮನಸ್ಸು ಕುದುರೆಯಾಗುತ್ತದೆ. ಆಗ ವೇಗ ಬರುತ್ತದೆ, ಚಂಚಲತೆ ಬರುತ್ತದೆ. ಪಂಜರ ಎಂದರೆ ಹಕ್ಕಿಯಾಗುತ್ತದೆ, ಅಸಹಾಯಕತೆ ಬರುತ್ತದೆ. ಆನೆಯಲ್ಲಿ ಇವೆರಡೂ ಇಲ್ಲ. ಅದು ಹೊರಟರೆ ಸಾವಕಾಶವಾಗಿಯೇ ಹೊರಡುತ್ತದೆ, ಆದರೆ ನಿಲ್ಲಿಸುವುದು ಕಷ್ಟ. ಬನವಾಸಿಯ ನೆನಪು ಅಂಥದ್ದು. ಅಂಕುಶ ಚುಚ್ಚುತ್ತದೆ ಎಂಬುದೂ ನೆನಪಿರಲಿ. ನೋವಾದರೂ ನೆನೆಯುತ್ತದೆ ಎಂಬ ಅರ್ಥ ಆ ಕಬ್ಬಿಣದಲ್ಲೇ ಇದೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ ಇಡೀ ಪದ್ಯ ನೋಡಿ. ತೆಂಕಣ ಗಾಳಿ ಸೋಂಕಿದರೆ, ಒಳ್ಳೆಯ ಮಾತು ಕೇಳಿದರೆ, ಇಂಪಾದ ಹಾಡು ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ... ಹೀಗೆ ಒಂದಾದ ಮೇಲೊಂದು ಮೃದುವಾದ ಸಂಗತಿಗಳು ಬರುತ್ತವೆ. ಸೋಂಕಿದೊಡಂ, ಕೇಳ್ದೊಡಂ, ಕಂಡೊಡಂ ಎಂದು ಅದೇ "ಒಡಂ" ಸಾಲುಗಟ್ಟಿ ಬಂದು, ಕೊನೆಯಲ್ಲಿ ಒಮ್ಮೆಗೇ "ಅಂಕುಸಮಿಟ್ಟೊಡಂ". ಗಾಳಿ, ಹಾಡು, ಹೂವಿನ ನಡುವೆ ಕಬ್ಬಿಣ! ಮೊದಲಿನ ಒಡಂಗಳೆಲ್ಲ ನೆನಪನ್ನು ಎಬ್ಬಿಸುವಂಥವು, ಕೊನೆಯದು ನೆನಪನ್ನು ತಡೆಯುವಂಥದ್ದು. ಎಬ್ಬಿಸಿದರೂ ನೆನಪು, ತಡೆದರೂ ನೆನಪು. ಪಂಪಭಾರತದ ಕಥೆಯಲ್ಲಿ ಇದು ಅರ್ಜುನ ಬನವಾಸಿಗೆ ಬರುವ ಸಂದರ್ಭ. ಓದುವವರಿಗೆ ಮಾತ್ರ ಪಂಪನ ದನಿಯೇ ಕೇಳಿಸುತ್ತದೆ.

ಬಿಡಿ ಸಾಲಾಗಿ ನಾಡಿನ ತುಂಬ ಓಡಾಡುವ ಇಂಥ ಮಾತುಗಳನ್ನು ಒಮ್ಮೆಯಾದರೂ ಅವುಗಳ ಪದ್ಯದೊಳಗೆ ಇಟ್ಟು ಓದಿ. "ಎತ್ತಣ ಮಾಮರ ಎತ್ತಣ ಕೋಗಿಲೆ" ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಮನ ಆ ವಚನ ಮಾವು ಕೋಗಿಲೆಯಿಂದ ಬೆಟ್ಟದ ನೆಲ್ಲಿಕಾಯಿ ಮತ್ತು ಸಮುದ್ರದ ಉಪ್ಪಿಗೆ ಹೋಗಿ, ಕೊನೆಗೆ ಗುಹೇಶ್ವರಲಿಂಗಕ್ಕೂ ನನಗೂ ಎತ್ತಣ ಸಂಬಂಧ ಎಂದು ಕೇಳುತ್ತದೆ. ಮೊದಲ ಸಾಲಿನಲ್ಲಿ ನಿಂತವರಿಗೆ ಆ ಪ್ರಶ್ನೆ ಯಾರ ಬಗ್ಗೆ ಎಂದೇ ಗೊತ್ತಾಗುವುದಿಲ್ಲ.

ಹಂತ 5: ಸಾಲುಸಾಲಾಗಿ ಬರುವ ಚಿತ್ರಗಳಲ್ಲಿ ಏನು ಬದಲಾಯಿತು ನೋಡಿ

ಅಕ್ಕಮಹಾದೇವಿಯ ವಚನ ನೆನಪಿದೆಯಲ್ಲ? ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ? ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗಳಿಗೆ ಅಂಜಿದರೆ ಹೇಗೆ? ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ? ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳು ಬಂದರೆ ಕೋಪ ತಾಳದೆ ಸಮಾಧಾನಿಯಾಗಿರಬೇಕು.

ಅರ್ಥವನ್ನು ಅಕ್ಕ ತಾನೇ ಹೇಳಿಬಿಟ್ಟಿದ್ದಾಳೆ. ಹಾಗಾದರೆ ಮೂರು ಮನೆ ಯಾಕೆ ಬೇಕಿತ್ತು? ಒಂದೇ ಸಾಲದೇ? ಕ್ರಿಯಾಪದ ಗಮನಿಸಿ. ಅಂಜಿದಡೆ, ಅಂಜಿದಡೆ, ಆಮೇಲೆ ನಾಚಿದಡೆ. ಬೆಟ್ಟ ಮತ್ತು ಸಮುದ್ರದಲ್ಲಿ ಜೀವಭಯ. ಸಂತೆಯಲ್ಲಿ ಜೀವಕ್ಕೆ ಏನೂ ಆಗುವುದಿಲ್ಲ, ಅಲ್ಲಿರುವುದು ಜನರ ಸದ್ದು. ಭಯದಿಂದ ನಾಚಿಕೆಗೆ, ಕಾಡಿನಿಂದ ಜನರ ನಡುವಿಗೆ ವಚನ ಇಳಿದು ಬಂದಿದೆ. ಅಲ್ಲಿಂದ ಹೊಗಳಿಕೆ ತೆಗಳಿಕೆಗೆ ಒಂದೇ ಹೆಜ್ಜೆ. ಚಿತ್ರಗಳು ನಮ್ಮನ್ನು ಕೈಹಿಡಿದು ಅಲ್ಲಿಗೆ ಕರೆತಂದಿವೆ.

ಇನ್ನೊಂದು ಸಂಗತಿಯನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಕ್ಕ ಹೇಳಿದ್ದು ನಿಂದೆ ಒಂದನ್ನೇ ಅಲ್ಲ, ಸ್ತುತಿಯನ್ನೂ. ಬೈದರೆ ಸಹಿಸಿಕೊಳ್ಳಿ ಎಂಬ ಅರ್ಧ ಅರ್ಥದಲ್ಲಿ ಈ ವಚನ ಓಡಾಡುತ್ತಿದೆ. ಹೊಗಳಿದರೂ ಅಲುಗಬೇಡಿ ಎಂಬ ಇನ್ನರ್ಧ ಹೆಚ್ಚು ಕಷ್ಟದ್ದು. ಸಾಲಿನ ಒಂದೊಂದು ಪದಕ್ಕೂ ಲೆಕ್ಕ ಕೊಡಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಹಂತ 6: ಹೋಲಿಕೆ ಎಲ್ಲಿ ತಪ್ಪುತ್ತದೆ ಎಂದು ಕೇಳಿ

ಎರಡು ವಸ್ತು ಹೇಗೆ ಒಂದೇ ಥರ ಇವೆ ಎಂದು ಎಲ್ಲರೂ ನೋಡುತ್ತಾರೆ. ಎಲ್ಲಿ ಬೇರೆ ಎಂದು ನೋಡುವವರು ಕಡಿಮೆ. ಬಸವಣ್ಣನವರ "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ" ತೆಗೆದುಕೊಳ್ಳಿ. ಕಾಲು ಮೈಯನ್ನು ಹೊರುತ್ತದೆ, ಕಂಬ ಗುಡಿಯನ್ನು ಹೊರುತ್ತದೆ. ತಲೆ ಮೇಲಿದೆ, ಕಳಸವೂ ಮೇಲಿದೆ. ಹೋಲಿಕೆ ಸಲೀಸಾಗಿ ಕೂರುತ್ತದೆ.

ಆದರೆ ಕಂಬ ನಡೆಯುವುದಿಲ್ಲ. ಕಾಲು ನಡೆಯುತ್ತದೆ. ಹೋಲಿಕೆ ತಪ್ಪುವುದು ಇಲ್ಲೇ. ವಚನದ ಕೊನೆಯ ಮಾತು ಏನು? "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ." ನಿಂತದ್ದು ಅಳಿಯುತ್ತದೆ, ನಡೆಯುವುದಕ್ಕೆ ಅಳಿವಿಲ್ಲ. ಇಡೀ ವಚನ ಕಾಲು ಮತ್ತು ಕಂಬದ ಆ ವ್ಯತ್ಯಾಸಕ್ಕಾಗಿಯೇ ಕಾದು ಕೂತಿತ್ತು. "ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ" ಎಂದು ಶುರು ಮಾಡಿದವರು, ಉಳ್ಳವರ ಶಿವಾಲಯಕ್ಕಿಲ್ಲದ ಒಂದು ಗುಣ ತನ್ನ ಗುಡಿಗಿದೆ ಎಂದು ಮುಗಿಸುತ್ತಾರೆ. ಬಡವನ ತಲೆಗೆ "ಹೊನ್ನ" ಕಳಸ ಯಾಕೆ ಬಂತು ಎಂಬುದೂ ಈಗ ತಿಳಿಯುತ್ತದೆ. ದೇಹ ದೇವಾಲಯ ಎಂದಷ್ಟೇ ಅರ್ಥ ಹೇಳಿ ಮುಗಿಸುವವರು ಈ ವಚನದ ಕೆಚ್ಚನ್ನು ಕಳೆದುಕೊಳ್ಳುತ್ತಾರೆ.

ಹಂತ 7: ಒಗಟಿನಂಥ ಸಾಲಿನಲ್ಲಿ ಮೊದಲು ಮಾದರಿ, ಆಮೇಲೆ ಅರ್ಥ

ಬೆಡಗಿನ ವಚನ, ಮುಂಡಿಗೆ (ದಾಸರ ಒಗಟಿನ ಪದ), ತತ್ವಪದ ಇವುಗಳಲ್ಲಿ ಬೇಕೆಂದೇ ಅರ್ಥ ಮುಚ್ಚಿಟ್ಟಿರುತ್ತಾರೆ. ಶಿಶುನಾಳ ಷರೀಫರ (1819–1889) "ಕೋಡಗನ ಕೋಳಿ ನುಂಗಿತ್ತ" ಎಲ್ಲರ ಬಾಯಲ್ಲೂ ಇದೆ. ಕೋಡಗ ಎಂದರೆ ಕೋತಿ. ಕೋತಿ ಎಂದರೆ ಮನಸ್ಸು, ಕೋಳಿ ಎಂದರೆ ಇನ್ನೊಂದು, ಆಡು ಎಂದರೆ ಮತ್ತೊಂದು ಎಂದು ಪಟ್ಟಿ ಮಾಡುವ ಆತುರ ಬೇಡ. ಮೊದಲು ಹಲವು ಸಾಲಿಗೆ ಸಮಾನವಾದದ್ದು ಏನು ನೋಡಿ. ಕೋಳಿ ಕೋತಿಯನ್ನು, ಆಡು ಆನೆಯನ್ನು ನುಂಗಿತು: ಸಣ್ಣದು ದೊಡ್ಡದನ್ನು ನುಂಗುತ್ತಿದೆ. ನಡುವೆ "ಗೋಡೆ ಸುಣ್ಣವ ನುಂಗಿ" ಎಂದು ಬರುತ್ತದೆ. ಇದು ಅಸಾಧ್ಯವೇ ಅಲ್ಲ. ಬಳಿದ ಸುಣ್ಣವನ್ನು ಗೋಡೆ ದಿನವೂ ಹೀರುತ್ತದೆ. ಆಗದ ಮಾತುಗಳ ನಡುವೆ ಆಗುವ ಮಾತೊಂದನ್ನು ಇಟ್ಟು, ಉಳಿದವೂ ಹೀಗೇ ನಡೆಯುತ್ತಿರಬಹುದಲ್ಲವೇ ಎಂದು ಅನ್ನಿಸುವಂತೆ ಮಾಡುತ್ತಾರೆ.

ಬೀಗದ ಕೈ ಹೆಚ್ಚಾಗಿ ಕೊನೆಯಲ್ಲಿರುತ್ತದೆ. ವಚನದಲ್ಲಿ ಅಂಕಿತ (ಗುಹೇಶ್ವರ ಎಂಬಂಥ, ವಚನಕಾರರ ಗುರುತಿನ ಹೆಸರು) ಇರುವ ಸಾಲು, ತತ್ವಪದದಲ್ಲಿ ಗುರುವಿನ ಹೆಸರು ಬರುವ ಸಾಲು. ಈ ಪದದ ಕೊನೆಗೆ ಗೋವಿಂದ ಗುರುವಿನ ಪಾದ "ನನ್ನನೇ" ನುಂಗುತ್ತದೆ. ನಾನು ಎಂಬುದೇ ಕರಗಿದ ಮೇಲೆ ದೊಡ್ಡದು ಸಣ್ಣದು ಎಂಬ ಅಳತೆ ಉಳಿಯುವುದು ಯಾರಿಗೆ? ಇಲ್ಲಿಂದ ಹಿಂದಕ್ಕೆ ಓದಿಕೊಂಡು ಹೋಗಿ. ಪ್ರತಿಯೊಂದು ಪ್ರಾಣಿಗೂ ಹೆಸರು ಹಚ್ಚದೆಯೇ ಪದ ತೆರೆದುಕೊಳ್ಳುತ್ತದೆ.

ಹಂತ 8: ನಿಮ್ಮ ಅರ್ಥವನ್ನು ಪರೀಕ್ಷೆಗೆ ಒಡ್ಡಿ

ಸಿಕ್ಕ ಅರ್ಥವನ್ನು ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ. ಬರೆದ ಮೇಲೆ ಆ ವಾಕ್ಯಗಳನ್ನು ಬೇರೆ ಯಾವುದಾದರೂ ಕವಿತೆಯ ಕೆಳಗೆ ಇಟ್ಟು ನೋಡಿ. ಅಲ್ಲಿಗೂ ಹೊಂದಿದರೆ ಅದು ಈ ಸಾಲಿನ ಅರ್ಥವಲ್ಲ. "ಬದುಕು ಕ್ಷಣಿಕ" ಎಂಬುದು ಸಾವಿರ ಕವಿತೆಗೆ ಹೊಂದುತ್ತದೆ. ಕಬ್ಬಿಣದ ಅಂಕುಶ ಒಂದೇ ಕಡೆ ಹೊಂದುತ್ತದೆ.

ಒಂದೇ ಸಾಲಿಗೆ ಇಬ್ಬರು ಎರಡು ಅರ್ಥ ಹೇಳಿದರೆ ಯಾವುದು ಸರಿ? ಎರಡೂ ಇರಬಹುದು. ಆದರೆ ಯಾವುದು ಹೆಚ್ಚು ಪದಗಳಿಗೆ ಲೆಕ್ಕ ಕೊಡುತ್ತದೋ ಅದಕ್ಕೆ ತೂಕ ಜಾಸ್ತಿ. ಸಾಲಿನಲ್ಲಿ ಇಲ್ಲದ್ದನ್ನು ಹೊರಗಿನಿಂದ ತಂದು ತುರುಕಬೇಕಾದ ಅರ್ಥವನ್ನು ಸ್ವಲ್ಪ ಅನುಮಾನದಿಂದಲೇ ನೋಡಿ.

ಹೊಸ ಕವಿತೆಯಾದರೆ ಶೀರ್ಷಿಕೆಯನ್ನು ಮತ್ತೆ ಓದಿ, ಎರಡು ಸಲ ಬಂದ ಪದವನ್ನು ಗುರುತು ಮಾಡಿ. "ನಾನು" ಎಂದಿದ್ದರೆ ಅದು ಕವಿಯೇ ಆಗಬೇಕಾಗಿಲ್ಲ. ಮರವೋ ನದಿಯೋ ಸತ್ತವರೋ ಮಾತಾಡುತ್ತಿರಬಹುದು. ಹೊಗಳಿಕೆ ವಿಪರೀತ ಎನ್ನಿಸಿದರೆ ಒಳಗೆ ತೆಗಳಿಕೆ ಇದೆಯೇ ಎಂದು ಕೇಳಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ನಿಘಂಟು. ಹೌದು, ಕೊನೆಗೆ. ಹಳೆಯ ಪದಗಳಿಗೆ 1894ರಲ್ಲಿ ಬಂದ ಕಿಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಹಳೆಯ ಕಾವ್ಯ, ಶಾಸನಗಳ ಪ್ರಯೋಗಗಳನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅರ್ಥ ಓದಿ ಪುಟ ಮುಚ್ಚಬೇಡಿ, ಆ ಪ್ರಯೋಗಗಳನ್ನು ಓದಿ. ಪದ ಯಾರ ಜೊತೆ, ಯಾವ ಸಂದರ್ಭದಲ್ಲಿ ಬಂದಿದೆ ಎಂದು ಅಲ್ಲಿ ಕಾಣುತ್ತದೆ. ಅದನ್ನು ನೋಡಿಕೊಂಡು ಮತ್ತೆ ಸಾಲಿಗೆ ಬನ್ನಿ, ಇನ್ನೊಮ್ಮೆ ಬಾಯಿಬಿಟ್ಟು ಓದಿ.